ಆರರಿಂದ ಎಂಟನೇ ತರಗತಿಯ ಸಮಾಜ ವಿಜ್ಞಾನ: ಯಾವ ಕ್ರಮ, ಯಾವ ಪುಸ್ತಕ, ಯಾವ ಬಗೆಯ ಪಾಠ?

ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನ ಮಕ್ಕಳು ಸಮಾಜ ವಿಜ್ಞಾನದಲ್ಲಿ ಏನು ಕಲಿಯುತ್ತಾರೆ ಎಂದು ಕೇಳಿದರೆ ಬಹುತೇಕ ಕಡೆ ಸಿಗುವ ಪಟ್ಟಿ ಒಂದೇ ರೀತಿಯದು. ನದಿ ಬಯಲಿನ ನಾಗರಿಕತೆಗಳು, ಸಾಮ್ರಾಜ್ಯಗಳು, ಮಧ್ಯಯುಗ, ಸಮುದ್ರಯಾನಗಳು, ಕ್ರಾಂತಿಗಳು, ಅಕ್ಷಾಂಶ ರೇಖಾಂಶ, ಹವಾಗುಣ, ಜನವಸತಿ, ಸರ್ಕಾರದ ಅಂಗಗಳು, ಹಕ್ಕು ಮತ್ತು ಕರ್ತವ್ಯ, ಸ್ವಲ್ಪ ಅರ್ಥಶಾಸ್ತ್ರ. ಎರಡು ಶಾಲೆಗಳ ಅಥವಾ ಎರಡು ಪಠ್ಯಕ್ರಮಗಳ ಪರಿವಿಡಿಯನ್ನು ಅಕ್ಕಪಕ್ಕ ಇಟ್ಟು ನೋಡಿದ ಪೋಷಕರಿಗೆ ದೊಡ್ಡ ವ್ಯತ್ಯಾಸವೇನೂ ಕಾಣುವುದಿಲ್ಲ. ಆದರೆ ಮೂರು ವರ್ಷ ಕಳೆದ ಮೇಲೆ ಆ ಎರಡು ಶಾಲೆಗಳ ಮಕ್ಕಳನ್ನು ಮಾತನಾಡಿಸಿದರೆ ಅಜಗಜಾಂತರ ಕಾಣುತ್ತದೆ. ಯಾವುದರ ಬೆನ್ನಿಗೆ ಯಾವುದನ್ನು ಕಲಿಸಿದರು, ಯಾವುದರ ಜೊತೆ ಯಾವುದನ್ನು ಸೇರಿಸಿದರು, ಮಗುವಿನ ಕೈಗೆ ಕೊನೆಗೆ ಏನನ್ನು ಕೊಟ್ಟರು ಎಂಬುದರಿಂದ ಹುಟ್ಟುವ ಅಂತರ ಅದು.

ಹಲವು ವರ್ಷ ಈ ತರಗತಿಗಳಿಗೆ ಪಾಠ ಮಾಡಿದ್ದೇನೆ. ಬೇರೆ ಬೇರೆ ಕ್ರಮಗಳಲ್ಲಿ ಮಾಡಿದ್ದೇನೆ. ಮಗುವಿಗೆ ಶಾಲೆ ಆರಿಸುವವರಿಗೆ, ಮನೆಯಲ್ಲೇ ಕಲಿಸುವವರಿಗೆ, ಶಾಲೆಯಲ್ಲಿ ಪುಸ್ತಕ ಆರಿಸುವ ಹೊಣೆ ಹೊತ್ತ ಶಿಕ್ಷಕರಿಗೆ ನೆರವಾಗಲೆಂದು ಆ ಅನುಭವದಿಂದ ಬರೆಯುತ್ತಿದ್ದೇನೆ.

ಕಾಲಾನುಕ್ರಮವೋ, ವಿಷಯಾಧಾರಿತವೋ

ಮೊದಲ ಆಯ್ಕೆಯೇ ಅತ್ಯಂತ ದೊಡ್ಡದು. ಇತಿಹಾಸವನ್ನು ಹಳೆಯದರಿಂದ ಹೊಸದರ ಕಡೆಗೆ ಸಾಲಾಗಿ ಕಲಿಸುವುದು ಒಂದು ದಾರಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಆರನೆಯ ತರಗತಿಗೆ ಪ್ರಾಚೀನ ಜಗತ್ತು, ಏಳನೆಯದಕ್ಕೆ ಮಧ್ಯಯುಗ ಮತ್ತು ಆಧುನಿಕ ಕಾಲದ ಆರಂಭ, ಎಂಟನೆಯದಕ್ಕೆ ಸ್ವಂತ ದೇಶದ ಇತಿಹಾಸ ಎಂದು ಹಂಚಿದ್ದಾರೆ. ವ್ಯಾಪಾರ, ಅಧಿಕಾರ, ವಲಸೆ, ನಂಬಿಕೆ ಎಂಬಂಥ ಒಂದೊಂದು ವಿಷಯ ಹಿಡಿದು ಎಲ್ಲ ಕಾಲಗಳಲ್ಲೂ ಓಡಾಡುವುದು ಇನ್ನೊಂದು ದಾರಿ.

ವಿಷಯಾಧಾರಿತ ಪಾಠದ ಸೊಗಸನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ‘ಮತದಾನದ ಹಕ್ಕು’ ಎಂಬ ಘಟಕ ತೆಗೆದುಕೊಂಡಿದ್ದೆ. ಕಪ್ಪು ಹಲಗೆಯ ಮೇಲೆ ಮೂರು ವರ್ಷಗಳನ್ನು ಬರೆದೆ: ನ್ಯೂಜಿಲೆಂಡ್ 1893, ಫಿನ್ಲೆಂಡ್ 1906, ಸ್ವಿಟ್ಜರ್ಲೆಂಡ್ 1971. ಮಹಿಳೆಯರಿಗೆ ರಾಷ್ಟ್ರಮಟ್ಟದಲ್ಲಿ ಮತದಾನದ ಹಕ್ಕು ಸಿಕ್ಕ ವರ್ಷಗಳಿವು ಎಂದಷ್ಟೇ ಹೇಳಿದೆ. ತರಗತಿಯಲ್ಲಿ ಗದ್ದಲವೆದ್ದಿತು. ಶ್ರೀಮಂತ ದೇಶ, ಪ್ರಜಾಪ್ರಭುತ್ವದ ಹಳೆಯ ದೇಶ, ಅಷ್ಟು ತಡ ಏಕೆ? ಅಲ್ಲಿ ಸಂವಿಧಾನ ಬದಲಿಸಲು ಜನಮತಗಣನೆ ಬೇಕು, ಆ ಗಣನೆಯಲ್ಲಿ ಮತ ಹಾಕುವವರು ಗಂಡಸರು ಮಾತ್ರ, 1959ರಲ್ಲಿ ಅವರು ಬೇಡವೆಂದರು, 1971ರಲ್ಲಿ ಒಪ್ಪಿದರು ಎಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಹಾಗಾದರೆ ಹಕ್ಕು ಇಲ್ಲದವರ ಹಕ್ಕನ್ನು ಹಕ್ಕು ಇರುವವರೇ ತೀರ್ಮಾನಿಸಬೇಕಾಯಿತಲ್ಲ” ಎಂದ. ನ್ಯೂಜಿಲೆಂಡಿನ ಮಹಿಳೆಯರು 1893ರಿಂದ ಮತ ಹಾಕಬಹುದಾಗಿದ್ದರೂ ಸಂಸತ್ತಿಗೆ ಸ್ಪರ್ಧಿಸಲು 1919ರವರೆಗೆ ಕಾಯಬೇಕಾಯಿತು ಎಂಬುದನ್ನು ಹುಡುಕಿ ತಂದವರೂ ಆ ಮಕ್ಕಳೇ. ಸಾಲಾಗಿ ಓದಿಸಿದ್ದರೆ ಈ ಮೂರು ಸಂಗತಿಗಳು ಮೂರು ಬೇರೆ ಅಧ್ಯಾಯಗಳಲ್ಲಿ ಚದುರಿಹೋಗಿ, ಆ ಮಾತು ಹುಟ್ಟುತ್ತಲೇ ಇರಲಿಲ್ಲ.

ಅದೇ ವರ್ಷ, ಅದೇ ತರಗತಿಯಲ್ಲಿ, ಸಾಮ್ರಾಜ್ಯಗಳ ಲಕ್ಷಣಗಳನ್ನು ಬಹಳ ಚೆನ್ನಾಗಿ ವಿವರಿಸಬಲ್ಲ ಹುಡುಗಿಯೊಬ್ಬಳು ಇನ್ನೊಂದು ಪ್ರಶ್ನೆ ಕೇಳಿದಳು: “ರೋಮನ್ನರೂ ಮಂಗೋಲರೂ ಯುದ್ಧ ಮಾಡಿದಾಗ ಯಾರು ಗೆದ್ದರು?” ಪಶ್ಚಿಮದ ರೋಮ್ ಸಾಮ್ರಾಜ್ಯ ಕುಸಿದದ್ದು ಕ್ರಿ.ಶ. 476ರಲ್ಲಿ; ಮಂಗೋಲರ ದೊರೆ ಚೆಂಗಿಸ್ ಖಾನನಿಗೆ ಆ ಹೆಸರು ಬಂದದ್ದು 1206ರಲ್ಲಿ. ನಡುವೆ ಏಳುನೂರು ವರ್ಷಗಳಿಗೂ ಮಿಕ್ಕಿದ ಅಂತರ. ಆಕೆಯ ತಪ್ಪು ಅಲ್ಲಿರಲಿಲ್ಲ. ಎರಡನ್ನೂ ಒಂದೇ ವಾರ, ಒಂದೇ ಶೀರ್ಷಿಕೆಯಡಿ ಕಲಿಸಿದವಳು ನಾನು. ಅವಳ ಮನಸ್ಸಿನಲ್ಲಿ ಅವರಿಬ್ಬರೂ ನೆರೆಹೊರೆಯವರಾಗಿದ್ದರು.

ಆ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಈ ವಯಸ್ಸಿನ ಮಗುವಿಗೆ ಕಾಲದ ಅಳತೆ ಇನ್ನೂ ಕೈಗೆ ಹತ್ತಿರುವುದಿಲ್ಲ. ನೂರು ವರ್ಷ, ಸಾವಿರ ವರ್ಷ ಎರಡೂ ‘ಬಹಳ ಹಿಂದೆ’ ಎಂಬ ಒಂದೇ ಚೀಲದಲ್ಲಿರುತ್ತವೆ. ದೊಡ್ಡವರ ತಲೆಯಲ್ಲಿ ಕಾಲದ ಗೂಟಗಳು ಮೊದಲೇ ನೆಟ್ಟಿರುವುದರಿಂದ ವಿಷಯಾಧಾರಿತ ಪುಸ್ತಕ ಅವರಿಗೆ ರುಚಿಸುತ್ತದೆ. ಮಗುವಿಗೆ ಆ ಗೂಟಗಳನ್ನೇ ಮೊದಲು ನೆಡಬೇಕು. ಹಾಗಾಗಿ ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಕಾಲಾನುಕ್ರಮವನ್ನೇ ಆರಿಸುತ್ತೇನೆ. ವರ್ಷಕ್ಕೆ ಎರಡು ಮೂರು ವಿಷಯಾಧಾರಿತ ಘಟಕಗಳು ಅದರ ಮೇಲೆ ಹಬ್ಬಿಕೊಳ್ಳಲಿ. ಚಪ್ಪರದ ಕಂಬ ಮಾತ್ರ ಕಾಲವೇ ಆಗಿರಲಿ.

ಕಾಲಾನುಕ್ರಮಕ್ಕೂ ಎರಡು ರೋಗಗಳಿವೆ. ಒಂದು, ಪ್ರಾಚೀನ ಕಾಲದಲ್ಲಿ ತಿಂಗಳುಗಟ್ಟಲೆ ಕಾಲ ಕಳೆದು, ಇಪ್ಪತ್ತನೆಯ ಶತಮಾನ ತಲುಪುವ ಹೊತ್ತಿಗೆ ಪರೀಕ್ಷೆ ಬಂದುಬಿಡುವುದು. ಇನ್ನೊಂದು ಹೆಚ್ಚು ಸೂಕ್ಷ್ಮವಾದದ್ದು: ಈಜಿಪ್ಟ್ ಮುಗಿದ ಮೇಲೆ ಗ್ರೀಸ್, ಗ್ರೀಸ್ ಮುಗಿದ ಮೇಲೆ ರೋಮ್ ಎಂದು ಒಂದೇ ಗೆರೆ ಎಳೆದರೆ, ಆ ಹೊತ್ತಿನಲ್ಲಿ ಉಳಿದ ಜಗತ್ತು ಮಲಗಿತ್ತು ಎಂದು ಮಗು ತಿಳಿಯುತ್ತದೆ. ಚೀನಾದ ಚಿಂತಕ ಕನ್‌ಫ್ಯೂಷಿಯಸ್ ತೀರಿಕೊಂಡ ಹತ್ತು ವರ್ಷಗಳ ಆಸುಪಾಸಿನಲ್ಲೇ ಗ್ರೀಸಿನಲ್ಲಿ ಸಾಕ್ರೆಟಿಸ್ ಹುಟ್ಟಿದ. ಚೀನಾದ ಝೆಂಗ್ ಹೆ ದೊಡ್ಡ ಹಡಗುಪಡೆ ಕಟ್ಟಿಕೊಂಡು 1405ರಿಂದ 1433ರವರೆಗೆ ಹಿಂದೂ ಮಹಾಸಾಗರದಲ್ಲಿ ಏಳು ಯಾನಗಳನ್ನು ಮಾಡಿದ. ಕೊಲಂಬಸ್ ಹೊರಟದ್ದು ಅದೇ ಶತಮಾನದ ಇನ್ನೊಂದು ತುದಿಯಲ್ಲಿ, 1492ರಲ್ಲಿ. ಪುಸ್ತಕ ಆರಿಸುವಾಗ ಇಂಥ ಅಡ್ಡ ನೋಟಗಳು ಅದರಲ್ಲಿವೆಯೇ ಎಂದು ಹುಡುಕಿ. ಪ್ರತಿ ಅಧ್ಯಾಯದ ಕೊನೆಗೆ ‘ಇದೇ ಹೊತ್ತಿಗೆ ಬೇರೆಡೆ’ ಎಂಬ ಅರ್ಧ ಪುಟವಿದ್ದರೂ ಸಾಕು.

ಒಂದೇ ಪುಸ್ತಕವೋ, ಬೇರೆ ಬೇರೆ ಶಾಸ್ತ್ರಗಳೋ

ಇತಿಹಾಸ, ಭೂಗೋಳ, ಪೌರನೀತಿಗಳನ್ನು ಒಟ್ಟಿಗೆ ಕಟ್ಟಿ ಒಂದೇ ವಿಷಯವಾಗಿ ಕಲಿಸಬೇಕೇ ಎಂಬ ಪ್ರಶ್ನೆ ಹಳೆಯದು. ಅಮೆರಿಕದಲ್ಲಿ ಈ ಒಟ್ಟು ವಿಷಯಕ್ಕೆ ಒಂದು ಹೆಸರೂ ಮನ್ನಣೆಯೂ ದೊರಕಿದ್ದು ಅಲ್ಲಿನ ಶಿಕ್ಷಣ ಸಮಿತಿಯೊಂದು 1916ರಲ್ಲಿ ಕೊಟ್ಟ ವರದಿಯಿಂದ. ಇಂಗ್ಲೆಂಡಿನಲ್ಲಿ ಇಂದಿಗೂ ಹನ್ನೊಂದರಿಂದ ಹದಿನಾಲ್ಕರ ಮಕ್ಕಳಿಗೆ ಇತಿಹಾಸ ಬೇರೆ, ಭೂಗೋಳ ಬೇರೆ. ಪೌರನೀತಿ 2002ರಲ್ಲಿ ಕಡ್ಡಾಯ ವಿಷಯವಾಗಿ ಸೇರಿಕೊಂಡಿತು. ಜಪಾನಿನದು ನಡುವಿನ ದಾರಿ: ವಿಷಯ ಒಂದೇ, ಒಳಗೆ ಮೂರು ಕವಲು. ಮೊದಲು ಭೂಗೋಳ ಮತ್ತು ಇತಿಹಾಸ ಜೊತೆಜೊತೆಯಾಗಿ ಸಾಗುತ್ತವೆ, ಪೌರನೀತಿ ಮೂರನೆಯ ವರ್ಷಕ್ಕೆ ಬರುತ್ತದೆ. ಭಾರತದಲ್ಲಿ ಎನ್‌ಸಿಇಆರ್‌ಟಿ ಬಹುಕಾಲ ಮೂರು ಪುಸ್ತಕಗಳನ್ನು ಕೊಡುತ್ತಿತ್ತು. 2024ರಲ್ಲಿ ಆರನೆಯ ತರಗತಿಗೆ ಅವುಗಳ ಬದಲು ಒಂದೇ ಪುಸ್ತಕ ಬಂದಿತು.

ಒಟ್ಟಿಗೆ ಕಲಿಸುವುದರ ಪರವಾಗಿ ನನಗೆ ತಿಳಿದ ಅತ್ಯುತ್ತಮ ಸಾಕ್ಷಿ ನೈಲ್ ನದಿ. ಇಥಿಯೋಪಿಯಾದ ಎತ್ತರದ ಪ್ರದೇಶದಲ್ಲಿ ಬೀಳುವ ಮಳೆಯಿಂದ ನದಿ ಪ್ರತಿ ಬೇಸಿಗೆಯಲ್ಲೂ ಉಕ್ಕುತ್ತಿತ್ತು, ಇಳಿಯುವಾಗ ಮೆಕ್ಕಲು ಮಣ್ಣನ್ನು ಬಿಟ್ಟುಹೋಗುತ್ತಿತ್ತು. ಇದು ಭೂಗೋಳ. ನೀರು ಎಷ್ಟು ಏರಿತೆಂದು ಕಲ್ಲಿನ ಮೆಟ್ಟಿಲುಗಳ ಮೇಲೆ ಗೀಚಿದ ಅಳತೆಯಿಂದ ನೋಡಿ ಆ ವರ್ಷದ ಬೆಳೆಯನ್ನು ಅಂದಾಜು ಮಾಡುತ್ತಿದ್ದರು, ತೆರಿಗೆಯ ಲೆಕ್ಕಕ್ಕೂ ಅದೇ ಆಧಾರ. ಇದು ಅರ್ಥಶಾಸ್ತ್ರ, ಆಡಳಿತ. ಹೊಲಗಳು ನೀರಿನಡಿ ಇದ್ದ ತಿಂಗಳುಗಳಲ್ಲಿ ರೈತರ ದುಡಿಮೆ ರಾಜನ ಕಟ್ಟಡಗಳಿಗೆ ಸಿಗುತ್ತಿತ್ತು. ಇದು ಇತಿಹಾಸ. ಇವನ್ನು ಮೂರು ಪುಸ್ತಕಗಳಿಗೆ, ಮೂರು ತಿಂಗಳುಗಳಿಗೆ ಹಂಚಿದರೆ ಮಗುವಿಗೆ ಪಿರಮಿಡ್ ಒಂದು ಅಚ್ಚರಿಯ ಕಟ್ಟಡವಾಗಿಯಷ್ಟೇ ಉಳಿಯುತ್ತದೆ. ಒಟ್ಟಿಗೆ ಕಲಿಸಿದರೆ ಅದರ ಹಿಂದಿನ ನೆಲ, ನೀರು, ಕೂಳು, ಬೆವರು ಕಾಣುತ್ತವೆ.

ಹಾಗಿದ್ದರೂ ಒಟ್ಟು ಪುಸ್ತಕವನ್ನು ಕಣ್ಣುಮುಚ್ಚಿ ಆರಿಸಬೇಡಿ ಎನ್ನುತ್ತೇನೆ. ಬೆಸೆದ ಪುಸ್ತಕಗಳಲ್ಲಿ ಯಾವಾಗಲೂ ಸೊರಗುವುದು ಭೂಗೋಳ. ಭೂಮಿಯ ವಾಲುವಿಕೆ, ಗಾಳಿ, ಮಳೆ, ನದಿಯ ಕೊರೆತ ಇವುಗಳಿಗೆ ತಮ್ಮದೇ ಆದ ಒಳಕ್ರಮವಿದೆ. ಒಂದು ಅರ್ಥವಾಗದೆ ಮುಂದಿನದು ಅರ್ಥವಾಗದು. ಇತಿಹಾಸದ ಅಧ್ಯಾಯಕ್ಕೆ ಬೇಕಾದಾಗ ಮಾತ್ರ ಭೂಗೋಳವನ್ನು ಕರೆತಂದರೆ ಅದು ಸ್ಥಳಪರಿಚಯದ ಒಂದು ಪ್ಯಾರಾಕ್ಕೆ ಇಳಿಯುತ್ತದೆ. ಒಟ್ಟು ಪುಸ್ತಕ ಕೈಗೆ ಬಂದಾಗ ಋತುಗಳು ಏಕೆ ಆಗುತ್ತವೆ ಎಂಬ ಪುಟವನ್ನು ಹುಡುಕಿ. ಆ ಪುಟ ಇಲ್ಲದಿದ್ದರೆ, ಅಥವಾ ನಾಲ್ಕು ಸಾಲಿನಲ್ಲಿ ಮುಗಿದಿದ್ದರೆ, ಪುಸ್ತಕ ಕೆಳಗಿಡಬಹುದು.

ಜಪಾನಿನ ಹಂಚಿಕೆ ನನಗೆ ಹೆಚ್ಚು ಹಿಡಿಸುತ್ತದೆ. ಪೌರನೀತಿಯನ್ನು ಕೊನೆಗೆ ಇಟ್ಟದ್ದರಲ್ಲಿ ವಿವೇಕವಿದೆ: ಅಧಿಕಾರವನ್ನು ಏಕೆ ಹಂಚಬೇಕು ಎಂಬುದು, ಹಂಚದೆ ಇದ್ದಾಗ ಏನಾಯಿತು ಎಂದು ಓದಿದ ಮಗುವಿಗೆ ಬೇಗ ಹೊಳೆಯುತ್ತದೆ.

ಹತ್ತಿರದಿಂದ ದೂರಕ್ಕೆ, ಅಥವಾ ದೂರದಿಂದ ಹತ್ತಿರಕ್ಕೆ ಎಂಬ ಇನ್ನೊಂದು ಚರ್ಚೆಯೂ ಇದೆ. ಮನೆ, ಬೀದಿ, ಊರು, ನಾಡು ಎಂಬ ಹಿಗ್ಗುವ ವರ್ತುಲಗಳ ಕ್ರಮ ಚಿಕ್ಕ ತರಗತಿಗಳಿಗೆ ಸರಿ. ಹನ್ನೊಂದು ದಾಟಿದ ಮಕ್ಕಳಿಗೆ ದೂರದ್ದರ ಹಸಿವು ಹೆಚ್ಚು, ಅದನ್ನು ತಡೆದು ನಿಲ್ಲಿಸುವ ಅಗತ್ಯ ನನಗೆ ಕಾಣದು. ಸ್ವಂತ ನಾಡಿನ ಇತಿಹಾಸವೂ ಜಗತ್ತಿನ ಇತಿಹಾಸವೂ ಜೊತೆಯಾಗಿಯೇ ಬರಲಿ.

ಪಠ್ಯಪುಸ್ತಕವೋ, ಮೂಲ ಆಕರಗಳೋ

ಇಲ್ಲಿ ನನ್ನ ಮನಸ್ಸು ವರ್ಷಗಳಲ್ಲಿ ಬದಲಾಗಿದೆ. ಮೊದಮೊದಲು ಪಠ್ಯಪುಸ್ತಕವೇ ಸಾಕು, ಆಕರಗಳು ಕಾಲೇಜಿಗೆ ಎಂದುಕೊಂಡಿದ್ದೆ. ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಪಾಠ ನನ್ನನ್ನು ತಿದ್ದಿತು. ಹೆಚ್ಚಿನ ಪುಸ್ತಕಗಳು ‘ಕಣ್ಣಿಗೆ ಕಣ್ಣು ಎಂಬುದು ಹಮ್ಮುರಾಬಿಯ ಕಾನೂನು’ ಎಂದು ಒಂದು ವಾಕ್ಯದಲ್ಲಿ ಮುಗಿಸುತ್ತವೆ. ಕ್ರಿ.ಪೂ. 1750ರ ಸುಮಾರಿಗೆ ಕಪ್ಪು ಕಲ್ಲಿನ ಮೇಲೆ ಕೊರೆಸಿದ ಆ ಕಾನೂನುಗಳು 282 ಎಂದು ಎಣಿಸುತ್ತಾರೆ. ಕಲ್ಲು ಇಂದಿನ ಇರಾನಿನ ಸೂಸಾದಲ್ಲಿ ಸಿಕ್ಕಿತು, ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅವುಗಳಲ್ಲಿ ಎರಡನ್ನು ಮಾತ್ರ ಅನುವಾದ ಮಾಡಿ ಮಕ್ಕಳಿಗೆ ಕೊಟ್ಟೆ. ತನ್ನ ಅಂತಸ್ತಿನವನ ಕಣ್ಣನ್ನು ಕಳೆದವನ ಕಣ್ಣನ್ನೂ ಕಳೆಯಬೇಕು ಎಂದು ಒಂದು ಹೇಳುತ್ತದೆ. ಕೆಳಗಿನ ಅಂತಸ್ತಿನವನ ಕಣ್ಣನ್ನು ಕಳೆದರೆ ಒಂದು ಮಿನಾ (ಆ ಕಾಲದ ಒಂದು ತೂಕ) ಬೆಳ್ಳಿ ತೆತ್ತರೆ ಸಾಕು ಎಂದು ಇನ್ನೊಂದು. ಐದು ನಿಮಿಷ ತರಗತಿ ಮೌನವಾಗಿತ್ತು. ಆಮೇಲೆ ಬಂದ ಪ್ರಶ್ನೆಗಳನ್ನು ಯಾವ ಪಠ್ಯಪುಸ್ತಕದ ಅಭ್ಯಾಸ ಪುಟದಲ್ಲೂ ನಾನು ಕಂಡಿರಲಿಲ್ಲ. ಕಣ್ಣಿನ ಬೆಲೆ ಯಾರು ಕಟ್ಟಿದರು? ಆ ಕೆಳಗಿನವರಿಗೆ ಓದಲು ಬರುತ್ತಿತ್ತೇ? ಬಾರದಿದ್ದರೆ ಕಲ್ಲನ್ನು ನಿಲ್ಲಿಸಿದ್ದು ಯಾರಿಗಾಗಿ?

ಇಂಗ್ಲೆಂಡಿನ ದೊರೆ ಜಾನ್ 1215ರಲ್ಲಿ ಮುದ್ರೆಯೊತ್ತಿದ ಮ್ಯಾಗ್ನಾ ಕಾರ್ಟಾ ಎಂಬ ಹಕ್ಕುಪತ್ರ ಕೂಡ ಹಾಗೆಯೇ. ಅದರ ಪ್ರಸಿದ್ಧ ರಕ್ಷಣೆ ‘ಸ್ವತಂತ್ರ ಮನುಷ್ಯ’ನಿಗೆ ಸಂಬಂಧಿಸಿದ್ದು. ಆ ಕಾಲದ ಜನರಲ್ಲಿ ಜಮೀನಿಗೆ ಕಟ್ಟುಬಿದ್ದ ರೈತಾಳುಗಳೇ ಬಹಳಷ್ಟಿದ್ದರು, ಅವರು ಆ ಮಾತಿನ ಹೊರಗೆ ಉಳಿದರು. ಎರಡು ಪದಗಳ ಕೆಳಗೆ ಗೆರೆ ಎಳೆದರೆ ಇಡೀ ಸಮಾಜ ತೆರೆದುಕೊಳ್ಳುತ್ತದೆ.

ಆದರೆ ಆಕರಗಳಿಂದಲೇ ಎಲ್ಲವನ್ನೂ ಕಲಿಸುತ್ತೇವೆ ಎನ್ನುವ ಪಠ್ಯಕ್ರಮದ ಬಗ್ಗೆ ಎಚ್ಚರವಿರಲಿ. ಬ್ಯಾಬಿಲೋನ್ ಎಲ್ಲಿತ್ತು, ಅಲ್ಲಿ ಏನು ಬೆಳೆಯುತ್ತಿದ್ದರು, ಎಷ್ಟು ಬಗೆಯ ಜನರಿದ್ದರು ಎಂದು ಗೊತ್ತಿಲ್ಲದ ಮಗುವಿನ ಮುಂದೆ ಆ ಎರಡು ಕಾನೂನುಗಳನ್ನು ಇಟ್ಟರೆ ಅದು ಊಹೆಗಿಳಿಯುತ್ತದೆ, ಊಹೆಯನ್ನೇ ಚಿಂತನೆ ಎಂದು ನಾವು ಬೆನ್ನು ತಟ್ಟುತ್ತೇವೆ. ಮೊದಲು ಪಠ್ಯದ ಹಿನ್ನೆಲೆ, ಆಮೇಲೆ ಒಂದೇ ಒಂದು ಚಿಕ್ಕ ಆಕರ, ಅದಕ್ಕೆ ಒಂದು ಪೂರ್ತಿ ತರಗತಿ. ಹದಿನೈದು ದಿನಕ್ಕೊಮ್ಮೆ ಇಷ್ಟು ನಡೆದರೆ ಅದು ಒಳ್ಳೆಯ ಶಾಲೆ.

ನಕ್ಷೆಯ ಪಾಠವನ್ನು ಹೇಗೆ ಅಳೆಯುವುದು

ಭೂಗೋಳದಲ್ಲಿ ಎದುರಾಗುವ ಆಯ್ಕೆ ಹೆಸರುಗಳ ಮತ್ತು ಕಾರಣಗಳ ನಡುವಿನದು. ರಾಜಧಾನಿ, ನದಿ, ಪರ್ವತಗಳ ಹೆಸರನ್ನು ಬಾಯಿಪಾಠ ಮಾಡಿಸುವುದನ್ನು ಈಗ ಹಲವರು ಹಳೆಯ ಪದ್ಧತಿ ಎಂದು ತಳ್ಳಿಹಾಕುತ್ತಾರೆ. ನಾನು ತಳ್ಳುವುದಿಲ್ಲ. ಖಂಡಗಳು, ಸಾಗರಗಳು, ಐವತ್ತು ಅರವತ್ತು ದೇಶಗಳು, ದೊಡ್ಡ ನದಿಗಳು ಎಲ್ಲಿವೆಯೆಂದು ನೋಡದೆಯೇ ತೋರಿಸಬಲ್ಲ ಮಗುವಿಗೆ ಸುದ್ದಿಯೂ ಇತಿಹಾಸವೂ ಬೇಗ ಅಂಟಿಕೊಳ್ಳುತ್ತವೆ. ಅದು ಅಕ್ಷರಮಾಲೆ ಇದ್ದಂತೆ. ಅಲ್ಲಿಗೇ ನಿಂತರೆ ಮಾತ್ರ ನಷ್ಟ.

ನಿಲ್ಲದ ಪಾಠ ಹೇಗಿರುತ್ತದೆ? ಗೋಡೆಯ ಮೇಲಿನ ವಿಶ್ವ ಭೂಪಟ 1569ರಲ್ಲಿ ಮರ್ಕೇಟರ್ ರೂಪಿಸಿದ ಬಗೆಯದಾಗಿದ್ದರೆ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ಗೋಳ ತಂದು ಎರಡನ್ನೂ ಹೋಲಿಸಲು ಹೇಳಿ. ಆಫ್ರಿಕಾ ಸುಮಾರು 3 ಕೋಟಿ ಚದರ ಕಿಲೋಮೀಟರ್, ಗ್ರೀನ್‌ಲ್ಯಾಂಡ್ ಸುಮಾರು 22 ಲಕ್ಷ. ಹದಿನಾಲ್ಕು ಪಟ್ಟು ವ್ಯತ್ಯಾಸ. ನಾವಿಕನಿಗೆ ದಿಕ್ಕು ತಪ್ಪದಿರಲೆಂದು ಮಾಡಿದ ನಕ್ಷೆ ಗಾತ್ರವನ್ನು ಬಲಿಕೊಟ್ಟಿತು ಎಂದು ಅರಿತ ಮಗು ಮುಂದೆ ಯಾವ ನಕ್ಷೆ ಕಂಡರೂ ‘ಇದನ್ನು ಯಾತಕ್ಕಾಗಿ ಮಾಡಿದರು’ ಎಂದು ಕೇಳುತ್ತದೆ. ಇನ್ನೊಂದು ಪಾಠ 1854ರ ಲಂಡನ್ನಿನದು. ಕಾಲರಾದಿಂದ ಸತ್ತವರ ಮನೆಗಳನ್ನು ವೈದ್ಯ ಜಾನ್ ಸ್ನೋ ನಕ್ಷೆಯ ಮೇಲೆ ಗುರುತಿಸಿದಾಗ, ಸಾವುಗಳು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಒತ್ತಾಗಿ ಕಂಡವು. ಹತ್ತಿರದಲ್ಲೇ ಇದ್ದ, ಸ್ವಂತ ಬಾವಿ ಹೊಂದಿದ್ದ ಬಡವರ ವಸತಿಗೃಹದಲ್ಲಿ ಸಾವು ತೀರಾ ಕಡಿಮೆ. ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂದು ನಂಬಿದ್ದ ಕಾಲದಲ್ಲಿ ನಕ್ಷೆಯೇ ಸಾಕ್ಷಿ ಹೇಳಿತು. ನಕ್ಷೆಗೆ ಬಣ್ಣ ಹಚ್ಚಿಸುವ ಪುಸ್ತಕಕ್ಕಿಂತ ನಕ್ಷೆಯಿಂದ ಹೀಗೆ ಏನನ್ನಾದರೂ ಕಂಡುಹಿಡಿಯುವಂತೆ ಮಾಡುವ ಪುಸ್ತಕವನ್ನು ಆರಿಸಿ.

ಪೌರನೀತಿ ಮತ್ತು ಅರ್ಥಶಾಸ್ತ್ರ

ಪೌರನೀತಿಯಲ್ಲಿ ರಚನೆಯನ್ನು ಕಲಿಸುವ ಪುಸ್ತಕಗಳಿವೆ, ಬಳಕೆಯನ್ನು ಕಲಿಸುವ ಪುಸ್ತಕಗಳಿವೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಮೂರು ಚೌಕ ಬರೆದು ಬಾಣ ಎಳೆಯುವುದು ರಚನೆ. ತರಗತಿಯನ್ನೇ ಮೂರು ಗುಂಪು ಮಾಡಿ, ಒಂದು ಗುಂಪು ನಿಯಮ ಬರೆಯಲಿ, ಇನ್ನೊಂದು ಜಾರಿ ಮಾಡಲಿ, ಮೂರನೆಯದು ತಕರಾರು ಬಂದಾಗ ತೀರ್ಪು ಕೊಡಲಿ ಎಂದು ಒಂದು ವಾರ ಬಿಡುವುದು ಬಳಕೆ. ಎರಡನೆಯ ದಿನವೇ ನಿಯಮ ಬರೆದವರು ತಾವೇ ತೀರ್ಪನ್ನೂ ಕೊಡಬೇಕೆಂದು ಹಟ ಹಿಡಿಯುತ್ತಾರೆ, ಉಳಿದವರು ಸಿಡಿದೇಳುತ್ತಾರೆ. ಅಧಿಕಾರ ವಿಭಜನೆಯ ಅರ್ಥ ಆ ಜಗಳದಲ್ಲಿ ಸಿಗುತ್ತದೆ. ಹಕ್ಕುಗಳ ಪಾಠಕ್ಕೆ ವಿಶ್ವಸಂಸ್ಥೆ 1948ರ ಡಿಸೆಂಬರ್ 10ರಂದು ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನೇ ಓದಿಸಬಹುದು. ಇರುವುದು 30 ವಿಧಿಗಳು, ಬಹಳಷ್ಟು ಚಿಕ್ಕವು, ಏಳನೆಯ ತರಗತಿಯ ಮಗು ಓದಿ ಅರ್ಥ ಮಾಡಿಕೊಳ್ಳಬಲ್ಲಂಥವು.

ಅರ್ಥಶಾಸ್ತ್ರಕ್ಕೆ ಈ ಹಂತದಲ್ಲಿ ಹೆಚ್ಚು ಪುಟ ಬೇಡ. ಎಲ್ಲವೂ ಸಿಗದಿದ್ದಾಗ ಒಂದನ್ನು ಆರಿಸಿದರೆ ಇನ್ನೊಂದನ್ನು ಬಿಡಬೇಕು, ಬೆಲೆ ಏಕೆ ಏರುತ್ತದೆ, ತೆರಿಗೆಯಿಂದ ಏನು ನಡೆಯುತ್ತದೆ ಎಂಬ ಮೂರು ಸಂಗತಿ ಗಟ್ಟಿಯಾದರೆ ಸಾಕು. ವ್ಯಾಖ್ಯಾನಗಳ ಪಟ್ಟಿಯಿಂದ ಶುರುವಾಗುವ ಪುಸ್ತಕ ಬೇಡವೇ ಬೇಡ.

ಹಾಗಾದರೆ ಯಾರಿಗೆ ಯಾವುದು

ಶಾಲೆಗೆ ಭೇಟಿ ಕೊಟ್ಟಾಗ ಪಠ್ಯಕ್ರಮದ ಹೊಳೆಯುವ ಕೈಪಿಡಿಯನ್ನು ಬದಿಗಿಟ್ಟು, ಕಳೆದ ವರ್ಷದ ಒಂದು ಪ್ರಶ್ನೆಪತ್ರಿಕೆ ಕೇಳಿ. ‘1215ರಲ್ಲಿ ಏನಾಯಿತು?’ ಎಂದಷ್ಟೇ ಕೇಳಿದ್ದಾರೆಯೋ, ‘1215ರ ಪತ್ರದಿಂದ ಯಾರಿಗೆ ಲಾಭವಾಯಿತು, ಯಾರು ಹೊರಗುಳಿದರು?’ ಎಂದೂ ಕೇಳಿದ್ದಾರೆಯೋ ನೋಡಿ. ಎರಡನೆಯ ಪ್ರಶ್ನೆಗೆ ಉತ್ತರಿಸಲು ಮೊದಲನೆಯದೂ ಗೊತ್ತಿರಬೇಕು. ಎರಡೂ ಬಗೆಯ ಪ್ರಶ್ನೆಗಳಿರುವ ಪತ್ರಿಕೆ ಆ ಶಾಲೆಯ ಬಗ್ಗೆ ಬೇರೆ ಎಲ್ಲ ಕಾಗದಗಳಿಗಿಂತ ಹೆಚ್ಚು ಹೇಳುತ್ತದೆ.

ಕಥೆ ಇಷ್ಟಪಡುವ, ಓದಿದ್ದನ್ನು ನೆನಪಿಡುವ ಮಗುವಿಗೆ ಕಾಲಾನುಕ್ರಮದ ಪುಸ್ತಕ ತಾನೇ ದಾರಿ ತೋರಿಸುತ್ತದೆ. ಅಂಥ ಮಗುವಿಗೆ ಆಕರಗಳ ಪಾಠ ಹೆಚ್ಚು ಬೇಕು, ಏಕೆಂದರೆ ಕಥೆಯನ್ನು ಹಾಗೇ ನಂಬಿಬಿಡುವ ಸ್ವಭಾವ ಅದಕ್ಕಿರುತ್ತದೆ. ಸದಾ ವಾದಿಸುವ, ಪ್ರಶ್ನೆಗಳ ಮಳೆಗರೆಯುವ ಮಗುವನ್ನು ವಿಷಯಾಧಾರಿತ ಶಾಲೆಗೆ ಕಳಿಸಲು ಮನಸ್ಸಾಗುವುದು ಸಹಜ. ಕಳಿಸಿ, ಆದರೆ ಕಾಲದ ಗೂಟಗಳನ್ನು ಮನೆಯಲ್ಲಿ ನೀವು ನೆಡಬೇಕಾಗುತ್ತದೆ. ಓದು ನಿಧಾನವಾಗಿರುವ ಮಕ್ಕಳಿಗೆ ನಕ್ಷೆ, ಚಿತ್ರ, ವಸ್ತುಗಳಿಂದ ಹೊರಡುವ ಪಾಠ ವರದಾನ. ದಪ್ಪ ಪಠ್ಯವೊಂದರ ಮೇಲೆಯೇ ನಿಂತ ಪಠ್ಯಕ್ರಮದಲ್ಲಿ ಅವರು ಜಾಣತನವಿದ್ದೂ ಹಿಂದೆ ಉಳಿಯುತ್ತಾರೆ, ಅದನ್ನು ನೋಡಿ ನನ್ನ ಹೊಟ್ಟೆ ಉರಿದಿದೆ.

ಏಳನೆಯ ತರಗತಿಯ ಹೊತ್ತಿಗೆ ಶಾಲೆ ಬದಲಿಸುವವರಿಗೆ ತೊಂದರೆ ಬೇರೆ. ಒಂದು ಕ್ರಮದಿಂದ ಇನ್ನೊಂದಕ್ಕೆ ಹಾರಿದ ಮಗು ಪ್ರಾಚೀನ ಜಗತ್ತನ್ನು ಎರಡು ಸಲ ಓದಬಹುದು, ಮಧ್ಯಯುಗವನ್ನು ಒಮ್ಮೆಯೂ ಓದದೆ ಇರಬಹುದು. ಹೊಸ ಶಾಲೆ ಸೇರುವ ಮೊದಲು ಎರಡೂ ಪಠ್ಯಕ್ರಮಗಳ ಅಧ್ಯಾಯಗಳ ಹೆಸರನ್ನು ಒಂದು ಉದ್ದನೆಯ ಕಾಗದದ ಮೇಲೆ ಶತಮಾನಗಳ ಸಾಲಿನಲ್ಲಿ ಬರೆಯಿರಿ. ಖಾಲಿ ಉಳಿದ ಶತಮಾನಗಳು ಕಣ್ಣಿಗೆ ಹೊಡೆಯುತ್ತವೆ. ರಜೆಯಲ್ಲಿ ಆ ಖಾಲಿ ಜಾಗಗಳನ್ನು ಮಾತ್ರ ತುಂಬಿ, ಕಾಗದವನ್ನು ಮಗುವಿನ ಮೇಜಿನ ಎದುರಿನ ಗೋಡೆಗೆ ಅಂಟಿಸಿ. ರೋಮ್ ಎಲ್ಲಿ, ಮಂಗೋಲರು ಎಲ್ಲಿ ಎಂದು ಮುಂದಿನ ಮೂರು ವರ್ಷ ಅದು ತಲೆಯೆತ್ತಿ ನೋಡಿಕೊಳ್ಳಲಿ.